ಗೆದ್ದಲು ಹಿಡಿದ ಬಾಗಿಲು

ಹೊರಗೆ ಬೆಂಚಿನ ಮೇಲೆ ಕೂತ ಆ ಮನುಷ್ಯ ಕೆಮ್ಮಿದಾಗಲೆಲ್ಲ ಶಿವಮೂರ್ತಪ್ಪ ಕೂಡುತ್ತಿದ್ದ ಮೊತ್ತ ತಪ್ಪುತ್ತಿತ್ತು. ಮತ್ತೆ ಮೇಲಿನಿಂದ ಶುರುಮಾಡುತ್ತಿದ್ದ. ಅದು ನಿಜವಾದ ಕೆಮ್ಮಲ್ಲ ಅನ್ನುವುದು ಅವನಿಗೆ ಖಾತ್ರಿಯಾಗಿತ್ತು. ಯಾರಾದರೂ ಹೊಸಬರು ಮೆಟ್ಟಿಲು ಹತ್ತಿ ಬಂದಾಗ ಮಾತ್ರ ಕೆಮ್ಮು ಬರುತ್ತಿತ್ತು. ಬಂದವರು ತಿರುಗಿ ನೋಡಿ, 'ಯಾರನ್ನ ಕಾಯ್ತಿದೀರಿ ಯಜಮಾನ್ರೆ?' ಎನ್ನುತ್ತಿದ್ದರು. ಆಗ ಅವನು ಎದ್ದು ನಿಂತು, ಹೆಗಲ ಮೇಲಿನ ಟವೆಲು ತೆಗೆದು ಕಂಕುಳಿಗೆ ಸೇರಿಸಿ, ಬಹಳ ಮರ್ಯಾದೆಯಿಂದ, 'ಏನಿಲ್ರೀ, ಆಡಿಟರ್ ಸಾಹೇಬ್ರಿಂದ ಒಂದು ಬಾಕಿ ಬರಬೇಕು. ಹೊನ್ನಾಳೀಲಿ ಬಾಡಿಗೆಗಿದ್ರಲ್ಲ, ಆ ಮನೆ ಬಾಗಿಲು ಒಡೆದದ್ದರ ಬಾಕಿ. ಅವಸರ ಏನಿಲ್ಲ, ಅವರ ಕೆಲಸ ಮುಗೀಲಿ' ಎನ್ನುತ್ತಿದ್ದ. ಜಗಳೂರಿನ ಆ ಸಣ್ಣ ಸಹಕಾರ ಸಂಘಗಳ ಆಡಿಟ್ ಕಚೇರಿಯಲ್ಲಿ ಕಿಟಕಿ ಬಾಗಿಲುಗಳಿಗಿಂತ ಕಿವಿಗಳು ಹೆಚ್ಚು. ಟೈಪಿಸ್ಟು ಟಕಟಕ ನಿಲ್ಲಿಸುತ್ತಿದ್ದ. ಎದುರು ಮೇಜಿನ ತಿಪ್ಪೇಶಪ್ಪ, ಶಿವಮೂರ್ತಪ್ಪನಿಗಿಂತ ಹತ್ತು ವರ್ಷ ದೊಡ್ಡವರು, ಕನ್ನಡಕದ ಮೇಲಿಂದ ಒಮ್ಮೆ ನೋಡಿ ಮತ್ತೆ ತಮ್ಮ ಕಡತಕ್ಕೆ ಇಳಿಯುತ್ತಿದ್ದರು. ಹಾಗೆ ನೋಡಿ ಸುಮ್ಮನಾಗುವುದಕ್ಕಿಂತ ಅವರು ಏನಾದರೂ ಕೇಳಿದ್ದರೆ ಚೆನ್ನಾಗಿತ್ತು. ಕೇಳಿದರೆ ಹೇಳಬಹುದಿತ್ತು, ಸಾರ್, ನಾನು ಒಡೆದದ್ದಲ್ಲ, ಗೆದ್ದಲು ಹಿಡಿದಿತ್ತು, ಆ ಮನೆಯೊಡತಿ ತಾನಾಗಿ ಹಾಕಿಸಿದ ಬಾಗಿಲು ಅದು ಎಂದು. ಕೇಳದವರಿಗೆ ಹೇಳಹೊರಟರೆ ತಪ್ಪಿತಸ್ಥನ ಹಾಗೆ ಕಾಣುತ್ತದೆ.

ಆ ಮನುಷ್ಯನ ಹೆಸರು ಬೀರಲಿಂಗಪ್ಪ. ಚನ್ನಗಿರಿಯ ಅಡಿಕೆ ಮಂಡಿಯೊಂದರ ವಸೂಲಿಯವನು. ಕೈ ಎತ್ತುವವನಲ್ಲ, ಬೈಯುವವನಲ್ಲ. ಬಂದು ಕೂರುವುದೇ ಅವನ ಕಸುಬು. ವಸೂಲಾದದ್ದರಲ್ಲಿ ಅವನಿಗೂ ಒಂದು ಪಾಲು. ಹೊನ್ನಾಳಿಯ ಮನೆಯೊಡತಿ ಶಿವಗಂಗಮ್ಮ ಹೋದ ವರ್ಷ ತೀರಿಕೊಂಡರಂತೆ. ಅವರ ಒಬ್ಬನೇ ಮಗ ಮಹೇಶ್ವರಪ್ಪ ಆ ಮಂಡಿಯ ಯಜಮಾನ. ತಾಯಿಯ ಪೆಟ್ಟಿಗೆ ತೆಗೆದಾಗ ಬಡಗಿಯ ರಸೀದಿ ಸಿಕ್ಕಿತು: ಹಿಂದಿನ ಭಾಗದ ಕೋಣೆಯ ಬಾಗಿಲು ಒಡೆದದ್ದಕ್ಕೆ ಹೊಸ ಬಾಗಿಲು, ಚೌಕಟ್ಟು, ಮುನ್ನೂರ ಹತ್ತು ರೂಪಾಯಿ. ಹಿಂದಿನ ಭಾಗದಲ್ಲಿ ಆಗ ಬಾಡಿಗೆಗೆ ಇದ್ದವರು ಯಾರು? ಆಡಿಟರ್ ಶಿವಮೂರ್ತಪ್ಪ. ಒಂದು ಕಾಗದ ಬಂತು. ಶಿವಮೂರ್ತಪ್ಪ ಅದಕ್ಕೆ ಅಂಶವಾರು ಉತ್ತರ ಬರೆದ: ಬಾಗಿಲಿಗೆ ಗೆದ್ದಲು ಹಿಡಿದಿತ್ತು, ರಿಪೇರಿ ಮನೆಯವರ ಜವಾಬ್ದಾರಿ, ಮನೆ ಬಿಡುವಾಗ ನಿಮ್ಮ ತಾಯಿಯವರು ನನ್ನ ಅಡ್ವಾನ್ಸನ್ನು ಒಂದು ಪೈಸೆ ಹಿಡಿಯದೆ ವಾಪಸು ಕೊಟ್ಟಿದ್ದಾರೆ, ನಷ್ಟವಾಗಿದ್ದರೆ ಕೊಡುತ್ತಿದ್ದರೆ? ಆ ಮೂರನೆಯ ಅಂಶವನ್ನು ಬರೆದಾಗ ಅವನಿಗೆ ಒಂದು ರೀತಿಯ ಸುಖವಾಗಿತ್ತು. ಅದಕ್ಕೆ ಮಹೇಶ್ವರಪ್ಪ ಉತ್ತರ ಬರೆಯಲಿಲ್ಲ. ಬೀರಲಿಂಗಪ್ಪನನ್ನು ಕಳಿಸಿದ.

ಕಚೇರಿ ಮುಗಿದ ಮೇಲೆ ಬೀರಲಿಂಗಪ್ಪ ಹಿಂದೆಯೇ ಬಂದ, ಹತ್ತು ಮಾರು ದೂರ ಬಿಟ್ಟು, ಕೊಡೆಯನ್ನು ಊರುಗೋಲಿನಂತೆ ಊರುತ್ತ. ಸಂತೆ ಬೀದಿಯ ಅಂಗಡಿಗಳವರು ಇಬ್ಬರನ್ನೂ ನೋಡಿದರು. ಶಿವಮೂರ್ತಪ್ಪ ವೇಗ ಹೆಚ್ಚಿಸಿದ, ಓಡುತ್ತಿರುವ ಹಾಗೆ ಕಂಡೀತು ಎಂದು ಮತ್ತೆ ನಿಧಾನಿಸಿದ. ಮನೆ ಮುಟ್ಟಿ ಕೈಕಾಲು ತೊಳೆದು ಬರುವಷ್ಟರಲ್ಲಿ ಆತ ಜಗುಲಿಯ ಮೇಲೆ ಕೂತಾಗಿತ್ತು, ಹೆಂಡತಿ ಶಾಂತಾದೇವಿ ಅವನಿಗೆ ಕಾಫಿ ಕೊಟ್ಟಾಗಿತ್ತು. 'ಅವನಿಗ್ಯಾಕೆ ಕಾಫಿ?' ಎಂದು ಒಳಗೆ ಬಂದು ಹಲ್ಲು ಕಚ್ಚಿ ಕೇಳಿದ. 'ಅಷ್ಟು ದೂರದಿಂದ ಬಂದಾರೆ, ಪಾಪ' ಎಂದಳು. ಅವಳು ಯಾವಾಗಲೂ ಹೀಗೆ. ಯಾರಿಗೆ ಏನು ಕೊಡಬೇಕು ಎಂಬುದರಲ್ಲಿ ಅವಳಿಗೊಂದು ನಿಯಮವಿಲ್ಲ. 'ಶಾಂತಾ, ನೀನೇ ಬಂದು ಹೇಳು ಅವನಿಗೆ. ಗೆದ್ದಲು ಹಿಡಿದಿತ್ತು ಅಂತ ನನಗೆ ಹೇಳಿದವಳು ನೀನೇ ಅಲ್ವಾ?' ಶಾಂತಾದೇವಿ ಒಲೆಯ ಕಡೆ ತಿರುಗಿದಳು. 'ಹೂಂ' ಎಂದಳು. ಒಲೆಯೊಳಗೆ ಸೌದೆ ದೂಡಿ, 'ಕೊಟ್ಟುಬಿಡ್ರಿ' ಎಂದಳು. 'ಏನು?' 'ಕೇಳಿದಷ್ಟು ಕೊಟ್ಟುಬಿಡ್ರಿ. ಹೋಗ್ಲಿ. ಬೇಕಾದ್ರೆ ನನ್ನ ಬೆಂಡೋಲೆ ಐತೆ.' ಅವನಿಗೆ ಮೈಯೆಲ್ಲ ಉರಿಯಿತು. ದುಡ್ಡಿನ ಪ್ರಶ್ನೆಯಲ್ಲ ಇದು, ಮಾಡದ ತಪ್ಪನ್ನು ಒಪ್ಪಿಕೊಳ್ಳುವ ಪ್ರಶ್ನೆ. ಇವತ್ತು ಬಾಗಿಲು ಒಡೆದೆ ಎಂದು ಒಪ್ಪಿಕೊಂಡವನು ನಾಳೆ ಯಾವ ಮುಖ ಇಟ್ಟುಕೊಂಡು ಸೊಸೈಟಿಯ ಸೆಕ್ರೆಟರಿಗೆ ಈ ಖರ್ಚು ಸುಳ್ಳು ಎನ್ನಬೇಕು? ಎಂದೆಲ್ಲ ಅವಳಿಗೆ ಹೇಳಿದ. ಧ್ವನಿ ಏರಿತ್ತು. ಜಗುಲಿಯಿಂದ ಬೀರಲಿಂಗಪ್ಪ, 'ನಾನು ಆಮೇಲೆ ಬರ್ತೀನಿ ಬಿಡ್ರೀ, ಅಮ್ಮಾರಿಗೆ ಬೈಬ್ಯಾಡ್ರಿ' ಎಂದ. ಮುನ್ನೂರ ಹತ್ತು ರೂಪಾಯಿಗಿಂತ ಆ ಮಾತು ಹೆಚ್ಚು ಚುಚ್ಚಿತು.

ಮರುದಿನ ಶಿವಮೂರ್ತಪ್ಪನಿಗೆ ತನ್ನ ಟೂರ್ ಡೈರಿಯ ನೆನಪಾಯಿತು. ಬೀರಲಿಂಗಪ್ಪನ ಹತ್ತಿರ ಇದ್ದ ಬಡಗಿಯ ರಸೀದಿಯಲ್ಲಿ ಬಾಗಿಲು ಒಡೆದ ದಿನವನ್ನೂ ಬರೆದಿತ್ತು. ಹಳೆಯ ಡೈರಿಗಳ ಕಟ್ಟು ಬಿಚ್ಚಿ ಹುಡುಕಿದ. ಎಪ್ಪತ್ತೊಂಬತ್ತನೆಯ ಇಸವಿ, ಫೆಬ್ರವರಿ. ಆ ವಾರ ಪೂರ್ತಿ ಅವನು ಸವಳಂಗದಲ್ಲಿ ಕ್ಯಾಂಪು! ಅಲ್ಲಿಯ ಸೊಸೈಟಿಯ ಆಡಿಟ್ ಮಾಡುತ್ತ ಅಲ್ಲೇ ಶಾಲೆಯ ಕೋಣೆಯಲ್ಲಿ ಮಲಗಿದ್ದ. ಊರಿನಲ್ಲೇ ಇಲ್ಲದವನು ಬಾಗಿಲು ಒಡೆಯುವುದು ಹೇಗೆ? ಡೈರಿಯನ್ನು ತಿಪ್ಪೇಶಪ್ಪನವರ ಮುಂದೆ ಇಟ್ಟ. ಅವರು ಓದಿದರು. 'ಸರಿ ಕಣ್ರಿ ಶಿವಮೂರ್ತಪ್ಪ. ಆದ್ರೂ ಕೊಟ್ಟು ಕಳೀರಿ ಅತ್ಲಾಗೆ' ಎಂದರು. ಇವರಿಗೂ ಹಾಗೇ ಅನಿಸುತ್ತದಲ್ಲ ಎಂದು ಅವನಿಗೆ ಬೇಸರವಾಯಿತು. ಎರಡು ದಿನ ರಜೆ ಬರೆದುಕೊಟ್ಟ. ಹೊನ್ನಾಳಿಗೆ ಹೋಗಿ ಎದುರು ಮನೆಯ ಅಜ್ಜಮ್ಮನಿಂದ ಗೆದ್ದಲಿನ ಮಾತು ಹೇಳಿಸಬೇಕು, ಅವರ ಮಗನನ್ನು ಜೊತೆಗೆ ಕರೆದುಕೊಂಡು ಚನ್ನಗಿರಿಗೆ ಹೋಗಿ ಡೈರಿಯನ್ನು ಮಹೇಶ್ವರಪ್ಪನ ಮುಖದ ಮುಂದೆ ಹಿಡಿಯಬೇಕು. ಶಾಂತಾದೇವಿಗೆ ಮಾತ್ರ 'ಕ್ಯಾಂಪು' ಎಂದ. ಅವಳು ಚಪಾತಿ ಕಟ್ಟಿಕೊಟ್ಟಳು. ಯಾವ ಊರು ಎಂದು ಕೇಳಲಿಲ್ಲ. ಅವಳು ಕೇಳುವುದನ್ನು ಯಾವಾಗ ಬಿಟ್ಟಳು ಎಂಬುದು ಬಸ್ಸಿನಲ್ಲಿ ಕೂತಾಗ ಒಂದು ಕ್ಷಣ ಹೊಳೆದು, ಟಿಕೆಟ್ಟಿನ ಚಿಲ್ಲರೆಗಾಗಿ ಕಂಡಕ್ಟರನ ಜೊತೆ ವಾದಿಸುವುದರಲ್ಲಿ ಮರೆತುಹೋಯಿತು.

ಹೊನ್ನಾಳಿಯಲ್ಲಿ ಇಳಿದಾಗ ಹತ್ತು ಗಂಟೆಯ ಬಿಸಿಲು. ಆ ಓಣಿ ಹಾಗೇ ಇತ್ತು. ಶಿವಗಂಗಮ್ಮನ ಮನೆಗೆ ಬೀಗ. ಮುಂದಿನ ಜಗುಲಿಯಲ್ಲಿ ಯಾರದೋ ಮೇಕೆ ಮಲಗಿತ್ತು. ಆ ಮನೆಯ ಹಿಂದಿನ ಭಾಗದಲ್ಲಿ ಅವನೂ ಶಾಂತಾದೇವಿಯೂ ನಾಲ್ಕು ವರ್ಷ ಇದ್ದರು. ಒಂದು ನಡುಮನೆ, ಒಂದು ಅಡಿಗೆಮನೆ, ಒಂದು ಕೋಣೆ. ತುಂಗಭದ್ರೆಯ ಕಡೆಯಿಂದ ಗಾಳಿ ಬರುತ್ತದೆ ಎಂದು ಹೊಗಳಿಯೇ ಶಿವಗಂಗಮ್ಮ ಬಾಡಿಗೆ ಐದು ರೂಪಾಯಿ ಹೆಚ್ಚು ಮಾಡಿದ್ದರು. ಒಳ್ಳೆಯ ಹೆಂಗಸು, ಆದರೆ ಮನೆ ಬಿಡುವ ದಿನ ಅವರು ಶಾಂತಾದೇವಿಯನ್ನು ತಬ್ಬಿಕೊಂಡು ಅತ್ತದ್ದು ಅವನಿಗೆ ಅತಿಯಾಗಿ ಕಂಡಿತ್ತು. ಲಾರಿಯವನು ಹಾರನ್ ಒತ್ತುತ್ತಿದ್ದ. ಇವನು 'ಆಯ್ತಾ, ಆಯ್ತಾ' ಎಂದು ಗಡಿಯಾರ ನೋಡಿಕೊಳ್ಳುತ್ತ ನಿಂತಿದ್ದ.

ಅಜ್ಜಮ್ಮ ಎದುರು ಮನೆಯ ಪಡಸಾಲೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, 'ಅಯ್ಯೋ ಆಡಿಟ್ನೋರು! ಬರ್ರಿ ಬರ್ರಿ. ಶಾಂತಮ್ಮ ಹೆಂಗೈದಾಳೆ?' ಎಂದರು. ಚಾಪೆ ಹಾಕಿದರು, ನೀರು ಕೊಟ್ಟರು, 'ಶಾಂತಮ್ಮನ್ನೂ ಕರ್ಕೊಂಡು ಬರಬಾರದಿತ್ತಾ?' ಎಂದು ಎರಡು ಸಲ ಕೇಳಿದರು. ಶಿವಮೂರ್ತಪ್ಪ ನೇರ ವಿಷಯಕ್ಕೆ ಬಂದ. ಮಹೇಶ್ವರಪ್ಪ ಹೀಗೆ ಮಾಡಿದ್ದಾನೆ, ವಸೂಲಿಯವನನ್ನು ಕಚೇರಿಗೆ ಕಳಿಸಿ ಮಾನ ಕಳೆಯುತ್ತಿದ್ದಾನೆ, ಬಾಗಿಲು ಒಡೆದೆನಂತೆ. ಚೀಲದಿಂದ ಡೈರಿ ತೆಗೆದು, ಓದು ಬಾರದ ಆ ಮುದುಕಿಯ ಮುಂದೆ ತೆರೆದು, ಬೆರಳಿಟ್ಟು ತೋರಿಸಿದ. 'ನೋಡ್ರಿ, ಇವರು ಹೇಳೋ ದಿವಸ ನಾನು ಸವಳಂಗದಲ್ಲಿದ್ದೆ. ಊರಲ್ಲೇ ಇರಲಿಲ್ಲ.'

ಅಜ್ಜಮ್ಮ ಡೈರಿಯನ್ನು ನೋಡಲಿಲ್ಲ. ಅವನ ಮುಖವನ್ನು ನೋಡಿದರು.

'ನೀವು ಇರಲಿಲ್ಲ ಅಂತ ನನಗೆ ಗೊತ್ತಿಲ್ವೇನ್ರೀ? ನೀವು ಇದ್ದಿದ್ರೆ ಬಾಗಿಲು ಒಡೆಯೋದು ಯಾಕೆ ಬರ್ತಿತ್ತು?'

ಅವನಿಗೆ ಅರ್ಥವಾಗಲಿಲ್ಲ. 'ಅಂದ್ರೆ?' ಎಂದ.

'ಒಳಗಿಂದ ಚಿಲಕ ಹಾಕ್ಕೊಂಡಿದ್ಲಲ್ರೀ ಆ ಹುಡುಗಿ. ಶಿವಗಂಗಮ್ಮ ಮಜ್ಜಿಗೆ ಕೊಡಾಕೆ ಅಂತ ಹಿಂದಕ್ಕೆ ಹೋದೋರು ಕೂಗಿದ್ರು, ಕೂಗಿದ್ರು. ಉತ್ತರ ಇಲ್ಲ. ಒಳಗೆ ಏನೋ ಉರುಳಿದಂಗೆ ಸದ್ದಾತಂತೆ. ಅವರು ಹೊಯ್ಕೊಂಡಿದ್ದು ಕೇಳಿ ನನ್ನ ಮಗ ಜಯಪ್ಪ ಹಾರೆ ತಗೊಂಡು ಓಡಿದ. ಒಂದು ಹೊಡೆತಕ್ಕೆ ಬರಲಿಲ್ಲ, ಗಟ್ಟಿ ತೇಗದ ಬಾಗಿಲು. ಚೌಕಟ್ಟು ಸಮೇತ ಕಿತ್ತ.' ಅಜ್ಜಮ್ಮ ಕೈಯಲ್ಲಿದ್ದ ಹುಣಸೆಹಣ್ಣನ್ನು ಮೊರಕ್ಕೆ ಹಾಕಿದರು. 'ಇನ್ನೊಂದು ಗಳಿಗೆ ತಡ ಆಗಿದ್ರೆ ಹುಡುಗಿ ಉಳೀತಿರಲಿಲ್ಲ. ಡಾಕ್ಟ್ರನ್ನ ಕರೆಯಾಕೂ ಹೆದರಿಕೆ, ಪೊಲೀಸ್ ಕೇಸಾಗ್ತೈತೆ ಅಂತ. ಶಿವಗಂಗಮ್ಮನೇ ಮೂರು ರಾತ್ರಿ ಮಗ್ಗುಲಲ್ಲಿ ಮಲಗಿಸ್ಕೊಂಡು ಕಾದ್ರು. ಯಜಮಾನ್ರಿಗೆ ಹೇಳಬ್ಯಾಡ್ರಿ ಅಂತ ಕಾಲು ಹಿಡ್ಕೊಂಡ್ಲು. ನಾವ್ಯಾರೂ ತುಟಿ ಬಿಚ್ಚಲಿಲ್ಲ, ಶಿವಗಂಗಮ್ಮ ಮಗನಿಗೂ ಹೇಳಲಿಲ್ಲ.' ಅವರ ಮುಖದ ಮೇಲೆ ಒಂದು ಭಯ ಬಂದು ಹೋಯಿತು. 'ಇಷ್ಟು ದಿನಕ್ಕೆ ಅವಳೇ ನಿಮಗೆ ಹೇಳಿರ್ತಾಳೆ ಅಂದ್ಕೊಂಡಿದ್ದೆ. ಹೇಳಿಲ್ವೇನ್ರೀ?'

ಓಣಿಯಲ್ಲಿ ಒಂದು ಕೋಳಿ ಮರಿಗಳನ್ನು ಹಿಂದಿಟ್ಟುಕೊಂಡು ಹೋಗುತ್ತಿತ್ತು. ಯಾರೋ ಕೊಡಪಾನ ಇಟ್ಟ ಸದ್ದು. ಶಿವಮೂರ್ತಪ್ಪನ ಬೆರಳು ಇನ್ನೂ ಡೈರಿಯ ಆ ಸಾಲಿನ ಮೇಲೇ ಇತ್ತು. ಅದನ್ನು ತೆಗೆಯಬೇಕು ಎಂದುಕೊಂಡ, ಬೆರಳು ಬರಲಿಲ್ಲ. ಎದೆ ಹೊಡೆದುಕೊಳ್ಳುತ್ತಿರಲಿಲ್ಲ, ಕಣ್ಣು ಕತ್ತಲೆಗಟ್ಟಲಿಲ್ಲ. ಎಲ್ಲವೂ ಅತಿಯಾಗಿ ಸ್ಪಷ್ಟವಾಗಿತ್ತು, ಮೊರದ ಒಂದೊಂದು ಸೀಳೂ, ಅಜ್ಜಮ್ಮನ ಉಗುರಿನ ಸಂದಿಯ ಕಂದೂ. ಅವನ ಬಾಯಿ ತಾನಾಗಿ ಮಾತಾಡಿತು. 'ಹೇಳಿದಾಳೆ, ಹೇಳಿದಾಳೆ. ಗೊತ್ತು ನನಗೆ' ಎಂದಿತು. 'ತಾರೀಖು ಒಂದು ಖಾತ್ರಿ ಮಾಡ್ಕೊಳ್ಳೋಣ ಅಂತ ಬಂದೆ, ಅಷ್ಟೇ.' ಅಜ್ಜಮ್ಮ 'ಹಂಗಾ' ಎಂದು ತಲೆ ತಗ್ಗಿಸಿದರು. ಈ ಮುದುಕಿಗೆ ಎಲ್ಲ ತಿಳಿಯಿತು ಎಂಬುದು ಅವನಿಗೂ ತಿಳಿಯಿತು. ಅವರು ಎದ್ದು ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದರು. ಬೆಲ್ಲದ ಕಾಫಿ. ಶಿವಮೂರ್ತಪ್ಪ ಪೂರ್ತಿ ಕುಡಿದ. ಹೊರಡುವಾಗ ಅಜ್ಜಮ್ಮ, 'ಅವಳಿಗೆ ಏನೂ ಅನ್ನಬ್ಯಾಡ್ರಿ' ಎಂದರು.

ಚನ್ನಗಿರಿಯ ಬಸ್ಸು ಸಾಸ್ವೆಹಳ್ಳಿಯ ಮೇಲೆ ಹೋಗುತ್ತಿತ್ತು. ಕಿಟಕಿಯ ಪಕ್ಕ ಕೂತ. ಸವಳಂಗದಿಂದ ವಾಪಸು ಬಂದ ಸಂಜೆ ಬಾಗಿಲಿಗೆ ವಾರ್ನಿಷ್ ವಾಸನೆ ಇತ್ತು. 'ಇದೇನು, ಹೊಸ ಬಾಗಿಲು?' ಎಂದಿದ್ದ. ಗೆದ್ದಲು ಹಿಡಿದಿತ್ತಂತೆ ಎಂದಿದ್ದಳು ಶಾಂತಾದೇವಿ. ಧ್ವನಿ ಒಡೆದಿತ್ತು. ಗಂಟಲು ನೋವು ಎಂದಳು. ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡಿದ್ದಳು, ಚಳಿ ಎಂದಳು. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸು ಎಂದಿದ್ದ ಅವನು. ಒಂದು ವಾರ ಧ್ವನಿ ಸರಿಹೋಗದೆ ಇದ್ದಾಗ, ತಣ್ಣೀರು ಸ್ನಾನ ಮಾಡಬೇಡ ಅಂದರೆ ಕೇಳುವುದಿಲ್ಲ ನೀನು ಎಂದು ರೇಗಿದ್ದ. ಬಾಗಿಲನ್ನು ಎರಡು ಸಲ ತೆಗೆದು ಹಾಕಿ ನೋಡಿ, ಸದ್ಯ, ಅವರ ಖರ್ಚಿನಲ್ಲೇ ಆಯಿತಲ್ಲ ಎಂದು ಸಂತೋಷಪಟ್ಟಿದ್ದ. ಅವಳ ಮುಂದೆಯೇ. ಗಟ್ಟಿಯಾಗಿ. ಅವಳು ಆಗ ಏನು ಮಾಡುತ್ತಿದ್ದಳು? ತಟ್ಟೆ ಇಡುತ್ತಿದ್ದಳೆ? ನೆಲ ನೋಡುತ್ತಿದ್ದಳೆ? ಅದು ನೆನಪಾಗಲಿಲ್ಲ. ಬಾಗಿಲಿನ ಹೊಸ ಹಿತ್ತಾಳೆ ಕೊಂಡಿ ನೆನಪಾಯಿತು, ಅವಳ ಮುಖ ನೆನಪಾಗಲಿಲ್ಲ. ಸವಳಂಗಕ್ಕೆ ಹೊರಟ ಬೆಳಗ್ಗೆ ಏನಾಗಿತ್ತು? ಜಗಳವಾಗಿತ್ತೆ? ತಾನು ಏನಾದರೂ ಅಂದಿದ್ದೆನೆ? ಮಕ್ಕಳಾಗಲಿಲ್ಲ ಎಂದು ಊರಿನಿಂದ ಅವನ ತಾಯಿ ಬರೆಸಿದ ಕಾಗದ ಆಗ ಬಂದಿತ್ತೆ, ಅಥವಾ ಅದು ಹಿಂದಿನ ವರ್ಷವೆ? ತಡಕಿದ, ಮತ್ತೆ ತಡಕಿದ. ಸಿಕ್ಕಿದ್ದು ಸವಳಂಗದ ಸೊಸೈಟಿ ಮಾತ್ರ: ಗೊಬ್ಬರದ ಖಾತೆಯಲ್ಲಿ ಒಂದೇ ಲೋಡನ್ನು ಎರಡು ಸಲ ಖರ್ಚು ಹಾಕಿದ್ದರು, ಅದನ್ನು ಹಿಡಿದದ್ದಕ್ಕೆ ಸೆಕ್ರೆಟರಿ ಬೆವೆತುಹೋಗಿದ್ದ, ಅವನ ಅಂಗಿಗೆ ಮೂರನೆಯ ಗುಂಡಿ ಇರಲಿಲ್ಲ. ಇದೆಲ್ಲ ನಿನ್ನೆ ನಡೆದಂತೆ ಇತ್ತು. ಆ ಮಧ್ಯಾಹ್ನ, ಮಜ್ಜಿಗೆ ತಂದ ಮುದುಕಿ ಕೂಗುತ್ತಿದ್ದ ಹೊತ್ತಿನಲ್ಲಿ, ಅವನು ಗೆದ್ದ ಖುಷಿಯಲ್ಲಿ ಸೆಕ್ರೆಟರಿಯ ಮನೆಯ ಹೋಳಿಗೆ ಬೇಡವೆಂದು ಹೇಳಿ, ತನ್ನ ನಿಷ್ಠೆಗೆ ತಾನೇ ತಲೆದೂಗುತ್ತಿದ್ದ.

ಪಕ್ಕದಲ್ಲಿ ಕೂತಿದ್ದ ಹೆಂಗಸು, 'ಯಾಕ್ರಿ ಅಣ್ಣಾ, ವಾಂತಿ ಬರಂಗೈತಾ? ನಿಂಬೆಹಣ್ಣು ಕೊಡ್ಲಾ?' ಎಂದಳು. ಬೇಡ ಎಂದು ಕೈಯಾಡಿಸಿದ.

ಮಂಡಿ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿತ್ತು. ಒಳಗೆ ಅಡಿಕೆಯ ಒಗರು ವಾಸನೆ, ಗೋಣಿಚೀಲದ ಧೂಳು. ಮಹೇಶ್ವರಪ್ಪ ಗಾದಿಯ ಮೇಲೆ ಕಾಲು ಮಡಚಿ ಕೂತಿದ್ದ. ನಲವತ್ತರ ಆಸುಪಾಸು, ಹಣೆಗೆ ವಿಭೂತಿ, ತಾಯಿಯದೇ ಮೂಗು. ನಾಲ್ಕೈದು ಜನ ಮಾರಾಟಕ್ಕೆ ಬಂದವರು ಸುತ್ತ ಇದ್ದರು. ಮೂಲೆಯಲ್ಲಿ ಬೀರಲಿಂಗಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದವನು ಶಿವಮೂರ್ತಪ್ಪನನ್ನು ಕಂಡು ಎದ್ದು ನಿಂತ. ಬರುವಾಗ ದಾರಿಯುದ್ದಕ್ಕೂ ಮಹೇಶ್ವರಪ್ಪನಿಗೆ ಏನು ಹೇಳಬೇಕು ಎಂದು ಅವನು ಯೋಚಿಸಿರಲಿಲ್ಲ. ಚೀಲದಲ್ಲಿ ಡೈರಿ ಇತ್ತು, ಅದರ ಪಕ್ಕದಲ್ಲೇ ದುಡ್ಡು ಇತ್ತು. ದಾರಿಖರ್ಚಿಗೆಂದೂ, ಅಗತ್ಯ ಬಿದ್ದರೆ ಹೊನ್ನಾಳಿಯಲ್ಲಿ ವಕೀಲರನ್ನು ನೋಡಲೆಂದೂ ನೌಕರರ ಸೊಸೈಟಿಯಲ್ಲಿ ಸಾಲ ಎತ್ತಿ ತಂದ ದುಡ್ಡು. ಅದನ್ನು ತೆಗೆದು ಗಾದಿಯ ಮೇಲೆ ಇಟ್ಟ.

'ಎಣಿಸ್ಕೊಳ್ರಿ. ಮುನ್ನೂರ ಹತ್ತು.'

ಮಹೇಶ್ವರಪ್ಪ ಎಣಿಸಲಿಲ್ಲ. ಗೆದ್ದವನ ಉದಾರತೆ ಅವನ ಮುಖಕ್ಕೆ ಬಂತು. 'ಕೂತ್ಕೊಳ್ರಿ ಆಡಿಟರೇ. ದುಡ್ಡು ದೊಡ್ಡದಲ್ಲ. ಗೆದ್ದಲು, ರಿಪೇರಿ, ಜವಾಬ್ದಾರಿ ಅಂತ ಮೂರು ಪೇಜು ಬರೆದಿದ್ರಲ್ಲ, ಅದಕ್ಕೆ ನನಗೆ ಸಿಟ್ಟು ಬಂದಿದ್ದು. ನಮ್ಮವ್ವ ಹೋದ ಮೇಲೆ ಅವ್ವ ಸುಳ್ಳು ರಸೀದಿ ಇಟ್ಟಿದ್ಲು ಅಂದಂಗಾತಲ್ಲ?' ಸುತ್ತಲಿದ್ದವರ ಕಡೆ ತಿರುಗಿದ. 'ಇವರು ಹೇಳ್ತಾರೆ, ಗೆದ್ದಲು ಹಿಡಿದಿತ್ತಂತೆ. ತೇಗದ ಬಾಗಿಲಿಗೆ ಗೆದ್ದಲು!' ಜನ ನಕ್ಕರು. 'ಈಗ ಹೇಳ್ರಿ, ಗೆದ್ದಲಾ, ಒಡೆದದ್ದಾ?'

'ಒಡೆದದ್ದು.'

'ಯಾರು ಒಡೆದ್ರು?'

ಇಷ್ಟು ವರ್ಷ ಅವನು ಎದುರಿನವರ ಬಾಯಿಂದ ಬರಿಸಿದ್ದ ಉತ್ತರಗಳೆಲ್ಲ ಹೀಗೇ ಬಂದಿರಬೇಕು, ಗಂಟಲಿನಲ್ಲಿ ಒಂದು ಸಲ ನಿಂತು, ಆಮೇಲೆ ಸಲೀಸಾಗಿ. 'ನಾನೇ' ಎಂದ ಶಿವಮೂರ್ತಪ್ಪ. 'ಸಿಟ್ಟು ಬಂದಿತ್ತು. ಒದ್ದೆ.'

'ಅಲ್ರೀ, ಮುಚ್ಚಿದ ಬಾಗಿಲು ಯಾಕೆ ಒದೀತೀರಿ? ಒಳಗೆ ಯಾರಿದ್ರು?'

'ಮನೆಯವಳು.'

ಒಬ್ಬ ಮುದುಕ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ಇನ್ನೊಬ್ಬ, 'ಆಡಿಟ್ನೋರ ಕಾಲು ಗಟ್ಟಿ ಐತೆ ಬಿಡ್ರಿ' ಎಂದ. ಮಹೇಶ್ವರಪ್ಪ ನಗಲಿಲ್ಲ. ಅವನ ಮುಖ ಕಂದಿತು. 'ನಮ್ಮವ್ವ ಬದುಕಿರೋವರೆಗೂ ಶಾಂತಮ್ಮ ಶಾಂತಮ್ಮ ಅಂತಿದ್ಲು ನಿಮ್ಮ ಮನೆಯವರನ್ನ' ಎಂದ, ಈಗ ಬೇರೆ ಧ್ವನಿಯಲ್ಲಿ. 'ಹೆಂಗಸರು ಒಳಗೆ ಹೋಗಿ ಚಿಲಕ ಹಾಕ್ಕೊಂಡ್ರೆ ಬಾಗಿಲು ಒದೀತಾರೇನ್ರಿ, ಓದಿದೋರು? ನಿಮ್ಮಂಥೋರಿಗೆ ಅವ್ವ ಅಡ್ವಾನ್ಸು ವಾಪಸು ಕೊಟ್ಲಲ್ಲ.' ರಸೀದಿ ಬರೆಸಿ, ಮುಖ ನೋಡದೆ ಮುಂದಕ್ಕೆ ತಳ್ಳಿದ. ಶಿವಮೂರ್ತಪ್ಪ ಅದನ್ನು ಎತ್ತಿಕೊಂಡ. ಅವಮಾನವಾಗಬೇಕಿತ್ತು. ಆಗುತ್ತಿದೆಯೆ ಎಂದು ಒಳಗೆ ನೋಡಿಕೊಂಡ. ಮಹೇಶ್ವರಪ್ಪನ ಮಾತು ಪೂರಾ ಸುಳ್ಳೆಂದು ಅವನಿಗೆ ಅನ್ನಿಸಲಿಲ್ಲ, ಅದೇ ಅವನನ್ನು ಬೆಚ್ಚಿಸಿದ್ದು. ತಾನು ಹೇಳಿದ ಸುಳ್ಳಿಗಿಂತ ನಿಜವಾಗಿ ನಡೆದದ್ದು ತನಗೆ ಹೆಚ್ಚು ನಾಚಿಕೆಯದು ಎಂದು ಆ ಗಾದಿಯ ಮುಂದೆ ನಿಂತಾಗಲೇ ಗೊತ್ತಾಯಿತು. ಬಾಗಿಲು ಒದೆಯುವವನಾದರೂ ಒಳಗೆ ಯಾರೋ ಇದ್ದಾರೆಂದು ತಿಳಿದಿರುತ್ತಾನೆ.

ಬೀರಲಿಂಗಪ್ಪ ಬಸ್‌ಸ್ಟ್ಯಾಂಡಿನವರೆಗೂ ಹಿಂದೆಯೇ ಬಂದ, ಅಭ್ಯಾಸಬಲದಿಂದ ಹತ್ತು ಮಾರು ಬಿಟ್ಟು. ದಾವಣಗೆರೆ ಬಸ್ಸು ಬಂದಾಗ ಹತ್ತಿರ ಬಂದ. 'ಕಚೇರೀಲಿ ನಾಲ್ಕು ಜನದ ಮುಂದೆ ಮಾತಾಡಿದೆ, ಮನಸಿಗೆ ಹಚ್ಕಬ್ಯಾಡ್ರಿ. ಹೊಟ್ಟೆಪಾಡು' ಎಂದ. 'ಅಮ್ಮಾರಿಗೆ ಹೇಳ್ರಿ, ಕಾಫಿ ಚೆನ್ನಾಗಿತ್ತು.' ಶಿವಮೂರ್ತಪ್ಪ ಆಗಲಿ ಎಂದ.

ಸಂತೇಬೆನ್ನೂರು, ದಾವಣಗೆರೆ, ಮತ್ತೆ ಬಸ್ಸು ಬದಲಿಸಿ ಬಿಳಿಚೋಡು. ಹೊಲಗಳು ಬಿಸಿಲಿಗೆ ಬಿಳಿಚಿಕೊಂಡಿದ್ದವು. ಕುರಿಗಳು ಒಂದರ ನೆರಳಿನಲ್ಲಿ ಒಂದು ತಲೆ ಹುದುಗಿಸಿ ನಿಂತಿದ್ದವು. ದಾರಿಯುದ್ದಕ್ಕೂ ಅವಳಿಗೆ ಹೇಳಬೇಕಾದ ಮಾತುಗಳನ್ನು ಅವನು ಜೋಡಿಸಿದ. ನನ್ನಿಂದ ತಪ್ಪಾಯಿತು. ನಾನು ನಿನ್ನನ್ನು ನೋಡಲೇ ಇಲ್ಲ. ನಾನು ಕಟುಕ. ಒಂದೊಂದು ವಾಕ್ಯವೂ ನಾನು ನಾನು ಎಂದು ಶುರುವಾಗುತ್ತಿತ್ತು, ಅದನ್ನು ಅವನು ಗಮನಿಸಲಿಲ್ಲ. ಜಗಳೂರಿನ ಹತ್ತಿರ ಬಂದಾಗ ಒಂದು ಯೋಚನೆ ಬಂತು. ಅವಳನ್ನು ಒಂಟಿ ಬಿಟ್ಟು ಬಂದು ಒಂದು ಹಗಲು ಕಳೆಯುತ್ತ ಬಂತು. ಕ್ಯಾಂಪು ಎಂದು ಹೇಳಿ ಬಂದಿದ್ದೇನೆ. ಆವತ್ತೂ ಕ್ಯಾಂಪೇ. ಬಸ್ಸು ನಿಲ್ಲುವ ಮೊದಲೇ ಇಳಿದ. ಸಂತೆ ಬೀದಿಯಲ್ಲಿ ಈ ಸಲ ನಿಜವಾಗಿಯೂ ಓಡಿದ, ಚಪ್ಪಲಿಯ ಉಂಗುಷ್ಠ ಕಿತ್ತು ಬಂತು, ಅದನ್ನು ಕೈಯಲ್ಲಿ ಹಿಡಿದು ಓಡಿದ, ಅಂಗಡಿಯವರು ನೋಡಿದರು.

ಶಾಂತಾದೇವಿ ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಅವನ ಮುಖ, ಕೈಯಲ್ಲಿದ್ದ ಚಪ್ಪಲಿ, ಎಲ್ಲ ನೋಡಿದಳು. ಬಟ್ಟೆಯ ಹೊರೆಯನ್ನು ಎದೆಗವಚಿಕೊಂಡು ನಿಂತಳು.

'ಹೊನ್ನಾಳಿಗೆ ಹೋಗಿದ್ರಾ?'

'ಹೂಂ. ಅಜ್ಜಮ್ಮ ಸಿಕ್ಕಿದ್ರು.'

'ಹೇಳಿದ್ರಾ?'

'ಹೇಳಿದ್ರು.'

ಅವಳು ಒಳಗೆ ಹೋಗಿ ಬಟ್ಟೆಯನ್ನು ಚಾಪೆಯ ಮೇಲೆ ಹಾಕಿ, ಕೂತು, ಮಡಚತೊಡಗಿದಳು. ಅವನು ಎದುರು ಗೋಡೆಗೆ ಒರಗಿ ಕುಕ್ಕರಿಸಿದ. ದುಡ್ಡು ಕೊಟ್ಟು ಬಂದೆ ಎಂದ. ಬಾಗಿಲು ನಾನೇ ಒದ್ದು ಒಡೆದೆ ಅಂತ ಹೇಳಿ ಬಂದೆ ಎಂದ. ಅವಳು ಸರಕ್ಕನೆ ತಲೆ ಎತ್ತಿದಳು. 'ನೀವಾ? ಒದ್ದೆ ಅಂತಾನಾ? ನಂಬಿದ್ರಾ?' 'ನಂಬಿದ್ರು.' ಅವಳ ತುಟಿಯಲ್ಲಿ ಏನೋ ಮೂಡಿ ಹೋಯಿತು, ನಗೆಯೋ ಏನೋ. ಆಮೇಲೆ ಅವನು ಬಸ್ಸಿನಲ್ಲಿ ಜೋಡಿಸಿದ್ದನ್ನೆಲ್ಲ ಹೇಳಿದ. ನನ್ನಿಂದ ಹೀಗಾಯಿತು, ನಾನು ಹಾಗೆ ಮಾಡಬಾರದಿತ್ತು, ನಾನು ಏನಂದಿದ್ದೆ ಆವತ್ತು ಬೆಳಗ್ಗೆ ಹೇಳು, ನನ್ನ ತಾಯಿಯ ಕಾಗದವಾ, ಮಕ್ಕಳ ವಿಷಯವಾ? ಶಾಂತಾದೇವಿ ಮಡಚುವುದನ್ನು ನಿಲ್ಲಿಸಿ ಕೇಳಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಮರುಕವಿತ್ತು.

'ನಿಮ್ಮಿಂದ ಅಂತ ಅಂದ್ಕೊಂಡ್ರಾ? ಇಲ್ರೀ. ನೀವೇನೂ ಅಂದಿರಲಿಲ್ಲ.' ತೊಡೆಯ ಮೇಲಿದ್ದ ಟವೆಲನ್ನು ಎರಡಾಗಿ ಮಡಚಿದಳು. 'ಆವತ್ತು ನೀವು ನೆನಪಿಗೇ ಬರಲಿಲ್ಲ.'

ಹೊನ್ನಾಳಿಯ ಪಡಸಾಲೆಯಲ್ಲಿ ಬಿದ್ದದ್ದು ಏಟೇ ಅಲ್ಲ, ಇದು ಏಟು. ಬೆಳಗಿನಿಂದ ಅವನು ತನ್ನನ್ನು ಅಪರಾಧಿಯ ಜಾಗದಲ್ಲಿ ನಿಲ್ಲಿಸಿಕೊಂಡು ಹೊಡೆದುಕೊಂಡಿದ್ದ. ಆ ಜಾಗವೂ ಅವನದಲ್ಲ. ಅವಳು ಚಿಲಕ ಹಾಕಿದ ಆ ಗಳಿಗೆಯಲ್ಲಿ ಜಗತ್ತಿನಲ್ಲಿ ಶಿವಮೂರ್ತಪ್ಪ ಎಂಬುವನೇ ಇರಲಿಲ್ಲ. ಮೊದಲು ಅವಮಾನವಾಯಿತು. ಆಮೇಲೆ, ಇಂಥ ಹೊತ್ತಿನಲ್ಲೂ ತನಗೆ ಅವಮಾನವಾಗುತ್ತಿದೆಯಲ್ಲ ಎಂದು ಅಸಹ್ಯವಾಯಿತು. ಸಂಜೆಯ ಬಿಸಿಲು ಚಾಪೆಯ ಅಂಚಿಗೆ ಬಂದು, ಅವಳ ಕಾಲುಂಗುರದ ಮೇಲೆ ನಿಂತಿತ್ತು.

'ಮತ್ತೆ ಯಾಕೆ?' ಎಂದ.

'ಯಾಕೆ ಅಂತ ಇರಲಿಲ್ಲ. ಬೆಳಗ್ಗೆ ಎದ್ದೆ, ನೀರು ತಂದೆ, ಒಲೆ ಹಚ್ಚಿದೆ. ಕೈ ಯಾರದೋ, ಕಾಲು ಯಾರದೋ ಅನ್ನಿಸ್ತಿತ್ತು. ಎಷ್ಟೋ ದಿನದಿಂದ ಹಂಗೇ ಇತ್ತು. ಅನ್ನ ಬೆಂದೈತೋ ಇಲ್ಲೋ ಅಂತ ನೋಡಾಕೂ ಬ್ಯಾಸರ. ಇದು ಮುಗಿದ್ರೆ ಸಾಕು ಅನ್ನಿಸ್ತು, ಅಷ್ಟೇ.'

'ನನಗೆ ಹೇಳಬಹುದಿತ್ತು.'

'ಏನು ಅಂತ ಹೇಳೋದು? ಏನಾಗೈತೆ ಅಂತ ಕೇಳ್ತಿದ್ರಿ. ಏನೂ ಆಗಿರಲಿಲ್ಲ.' ಅವನ ಅಂಗಿಯೊಂದನ್ನು ತೊಡೆಯ ಮೇಲೆ ಹರಡಿ, ತೋಳು ಮಡಚಿದಳು. 'ಬಾಗಿಲು ಒಡೆದು ಒಳಗೆ ಬಂದ ಮೇಲೆ ಶಿವಗಂಗಮ್ಮ ಕೆನ್ನೆಗೆ ಒಂದು ಬಿಟ್ರು. ಆಮೇಲೆ ಮಜ್ಜಿಗೆ ಕುಡಿಸಿದ್ರು. ಯಾಕೆ ಅಂತ ಅವರು ಕೇಳಲೇ ಇಲ್ಲ.'

ಬೀದಿಯಲ್ಲಿ ಯಾರೋ ಎತ್ತುಗಳನ್ನು ಹೊಡೆದುಕೊಂಡು ಹೋದರು. ಕೊರಳ ಗಂಟೆಯ ಸದ್ದು ದೂರವಾಯಿತು. ಕೇಳಲು ಹೆದರಿಕೆಯಾಯಿತು, ಆದರೂ ಕೇಳಿದ. 'ಈಗ?'

'ಈಗಲೂ ಒಂದೊಂದು ದಿವಸ ಬರ್ತೈತೆ' ಎಂದಳು. 'ಬರ್ತೈತೆ, ಹೋಗ್ತೈತೆ. ಇವತ್ತು ಇಲ್ಲ.' ಆಮೇಲೆ ಎದ್ದಳು. 'ಮಧ್ಯಾಹ್ನ ಉಂಡಿದೀರೋ ಇಲ್ವೋ? ಮುಖ ನೋಡಾಕಾಗಲ್ಲ. ಏಳ್ರಿ.'

ಅವನು ಕೈಕಾಲು ತೊಳೆದು ಬಂದ. ಅವಳು ಮುದ್ದೆ ಇಟ್ಟಳು, ಸೊಪ್ಪಿನ ಸಾರು ಹಾಕಿದಳು, ಎಂದಿನಂತೆ ಅಡಿಗೆಮನೆಯ ಬಾಗಿಲಿಗೆ ಆತು ನಿಂತಳು. ತುತ್ತು ಮುರಿದು ತಟ್ಟೆಯಲ್ಲೇ ಇಟ್ಟ. ನಾಳಿದ್ದು ಬಿಳಿಚೋಡಿನ ಸೊಸೈಟಿಗೆ ನಾಲ್ಕು ದಿನದ ಕ್ಯಾಂಪು ಇತ್ತು. ಹೋಗುವುದಿಲ್ಲ ಎಂದು ತಿಪ್ಪೇಶಪ್ಪನವರಿಗೆ ಹೇಳಬಹುದು. ಮುಂದಿನ ತಿಂಗಳು? ಅದರ ಮುಂದಿನ ತಿಂಗಳು? ಅವಳನ್ನು ಕಾಯುತ್ತ ಕೂರಲು ಆಗುತ್ತದೆಯೆ, ಕೂತರೂ ಅವಳು ಇರುವ ಜಾಗ ತನಗೆ ಕಾಣುತ್ತದೆಯೆ?

'ಅದು ಬಂದಾಗ ನಿಮಗೆ ಹೇಳ್ಲಾ?' ಎಂದಳು ಶಾಂತಾದೇವಿ ಅಲ್ಲಿಂದಲೇ.

'ಹೇಳು.'

'ಹೇಳಿದ್ರೆ ಏನು ಮಾಡ್ತೀರಿ?'

ಉತ್ತರ ಹುಡುಕಿದ. ಡಾಕ್ಟರು ಎನ್ನಬಹುದಿತ್ತು, ತವರಿಗೆ ಕಳಿಸುತ್ತೇನೆ ಎನ್ನಬಹುದಿತ್ತು, ದೇವರು ದಿಂಡರು ಎನ್ನಬಹುದಿತ್ತು.

'ಗೊತ್ತಿಲ್ಲ' ಎಂದ.

ಅವಳು ಅವನನ್ನು ಬಹಳ ಹೊತ್ತು ನೋಡಿದಳು. ಅವನಿಗೆ ಭಯವಾಯಿತು. ಅವಳು ಒಳಗೆ ಹೋದಳು, ಪಾತ್ರೆಯ ಸದ್ದಾಯಿತು, ತನಗೊಂದು ತಟ್ಟೆ ಹಿಡಿದು ಹೊರಗೆ ಬಂದಳು. ಎದುರಿಗೆ ಕೂತು, ತಟ್ಟೆಗೆ ಸಾರು ಬಿಟ್ಟುಕೊಂಡು ಮುದ್ದೆ ಮುರಿದಳು. ಎಡಗೈಯನ್ನು ನೆಲಕ್ಕೆ ಊರಿ, ತುಸು ಬಾಗಿ, ಸಣ್ಣ ಸಣ್ಣ ತುತ್ತು ಮಾಡಿ ನುಂಗುತ್ತಿದ್ದಳು. ಮದುವೆಯಾಗಿ ಎಂಟು ವರ್ಷ, ಅವಳು ಊಟ ಮಾಡುವುದು ಹೀಗೆ ಎಂದು ಅವನಿಗೆ ಗೊತ್ತಿರಲಿಲ್ಲ. ಶಿವಮೂರ್ತಪ್ಪ ನೋಡುತ್ತ ಕೂತ. ಅವನ ಕೈ ತಟ್ಟೆಯಲ್ಲೇ ಒಣಗಿತು.